ಒಂದು ಉದ್ದ, ಎರಡು ಗಿಡ್ಡ

೧೯೬೦ ನವೆಂಬರ್ ೭, ಸೋಮವಾರ

ಈ ಡೈರಿ ಇವರದ್ದು. ಪೆಟ್ರೋಲ್ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಗಾಡಿ ದಿನಾ ಎಷ್ಟು ಓಡಿತು, ಎಷ್ಟು ಕುಡಿಯಿತು ಎಂದು ಬರೆದಿಡುತ್ತೇನೆ ಎಂದುಕೊಂಡು ಇಟ್ಟುಕೊಂಡರು. ಮೊದಲ ಪುಟದಲ್ಲಿ ಶ್ರೀ ಬರೆದರು, ಅಲ್ಲಿಗೆ ಮಂಗಳ ಹಾಡಿದರು. ಖಾಲಿ ಕಾಗದ ಹಾಳಾಗುವುದನ್ನು ನೋಡಿಕೊಂಡಿರುವುದು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳಿಗೆ ಆಗುವ ಮಾತಲ್ಲ. ಹಾಗಾಗಿ ಇನ್ನು ಮೇಲೆ ಇದು ನನ್ನದು.

ಶುಕ್ರವಾರ ಇವರು ನಮ್ಮ ಫಾರ್ಗೋ ಪಿಕಪ್ ತೆಗೆದುಕೊಂಡು ಘಟ್ಟ ಹತ್ತಿದರು. ಮೇಲೆ ಲಿಂಗನಮಕ್ಕಿಯಲ್ಲಿ, ನಮ್ಮ ಮನೆ ಮುಂದೆ ಹರಿಯುವ ಇದೇ ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದಾರೆ. ಸಾಮಾನು ಸಾಗಿಸಲು ಬಾಡಿಗೆ ಗಾಡಿ ಎಷ್ಟಿದ್ದರೂ ಸಾಲದಂತೆ. ಇಲ್ಲಿ ಮೀನು ಹೇರಿಕೊಂಡು ಹೊನ್ನಾವರ, ಕುಮಟೆ ಎಂದು ಓಡಾಡುವುದರಲ್ಲಿ ಏನು ಸುಖ ಎಂದು ಗಣೇಶ ಚೌತಿಯಿಂದಲೇ ಗೊಣಗುತ್ತಿದ್ದರು.

"ಮಳೆ ಬಿದ್ದ ಕೂಡ್ಲೆ ಅಲ್ಲಿ ಕೆಲ್ಸ ನಿಲ್ತದೆ. ಗಾಡಿ ತಕಂಡು ಬಂದ್ಬಿಡ್ತೆ," ಎಂದರು.

"ನಾನೂ ಬರ್ತೆ," ಎಂದೆ.

"ಅಲ್ಲಿ ಎಲ್ಲಿ ಮಲಗ್ತೆ? ಗಾಡಿ ಹಿಂದೆ?"

ಹೇಳಿ ನಕ್ಕರು. ನಾನೂ ನಕ್ಕೆ. ಗಾಡಿಯಲ್ಲಿ ನನ್ನ ಜಾಗ ಯಾವತ್ತೂ ಹಿಂದೆಯೇ, ಮೀನಿನ ಬುಟ್ಟಿಗಳ ಪಕ್ಕ. ಮುಂದಿನ ಸೀಟು ವ್ಯಾಪಾರಿಗಳಿಗೆ. ನನ್ನ ಕುತ್ತಿಗೆಯ ಸರ ಕರಗಿಯೇ ಆ ಗಾಡಿ ಬಂದದ್ದು ನಿಜ, ಆದರೆ ಅದರ ಬೇಸರ ನನಗಿಲ್ಲ.

ಹೊಳೆ ದಾಟಿಸುವ ಜಂಗಲು ಗಾಡಿಯನ್ನು ಹೊತ್ತುಕೊಂಡು ಹೊನ್ನಾವರದ ದಡಕ್ಕೆ ಹೋಗುವುದನ್ನು ನಾನು ಈಚೆ ಕಾಸರಕೋಡಿನ ದಡದಲ್ಲಿ ನಿಂತು ನೋಡಿದೆ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲು ಅದು, ಒಂದು ಸಲಕ್ಕೆ ಒಂದೇ ಗಾಡಿ. ಆಚೆ ದಡ ಹತ್ತಿದ ಮೇಲೆ ಹಾರ್ನು ಹೊಡೆದರು. ಒಂದು ಉದ್ದ, ಎರಡು ಗಿಡ್ಡ. ಹಿಂದಿನವರು ದೋಣಿ ಕರೆಯಲು ಕೂ ಹಾಕುತ್ತಿದ್ದರು, ಈಗ ಡ್ರೈವರುಗಳು ಹಾರ್ನು ಹೊಡೆಯುತ್ತಾರೆ, ಒಬ್ಬೊಬ್ಬರದು ಒಂದೊಂದು ಗುರುತು. ಒಬ್ಬರದನ್ನು ಇನ್ನೊಬ್ಬರು ಹೊಡೆಯಬಾರದು. ಇವರ ಗುರುತು ಕೇಳಿದರೆ ಜಂಗಲಿನ ಈರ ಬೀಡಿ ಬಿಸಾಡಿ ಏಳುತ್ತಾನೆ, ನಾನು ಒಲೆಯ ಮೇಲೆ ಚಾದ ನೀರಿಡುತ್ತೇನೆ. ಶುಕ್ರವಾರ ಮಾತ್ರ ಆ ಹಾರ್ನು ಬರುವುದಕ್ಕಲ್ಲ, ಹೋಗುವುದಕ್ಕೆ. ಗೊತ್ತಿದ್ದೂ ಚಾದ ನೀರಿಟ್ಟೆ.

ಇವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಾಯಲ್ಲಿ ಹೇಳಬಾರದ್ದನ್ನು ಕೈಯಲ್ಲಿ ಹೇಳಿದರೂ ಅದೇ ಆಯಿತು.

೧೯೬೦ ನವೆಂಬರ್ ೧೯, ಶನಿವಾರ

ಇವತ್ತು ಅಂಗಡಿಯಲ್ಲಿ ದೊಡ್ಡ ನ್ಯಾಯ. ಜಂಗಲು ಕಟ್ಟೆಯ ಪಕ್ಕದ ಈ ಚಾದ ಅಂಗಡಿ ಅತ್ತೆಯದು. ಹೊಳೆ ದಾಟಲು ಕಾಯುವವರು ಚಾ ಕುಡಿಯುತ್ತಾರೆ, ಕುಡಿದಾದ ಮೇಲೆ ಪಕ್ಕದವನ ಗಾಡಿಯನ್ನು ಹಳಿಯುತ್ತಾರೆ. ಕಾಯುವವನಿಗೆ ಬಾಯಿ ಬಿಟ್ಟರೆ ಬೇರೆ ಕೆಲಸವಿಲ್ಲ.

ಭಟ್ಕಳದ ಮೀರಾನ್ ಸಾಹೇಬರದು ಶೆವರ್ಲೆ ಪಿಕಪ್. ಬಟ್ಟೆ, ಕಿರಾಣಿ ಹೇರಿಕೊಂಡು ಕುಮಟೆಗೆ ಹೋಗುತ್ತಾರೆ. ಗಾಡಿಯನ್ನು ಅತ್ತರು ಹಚ್ಚಿದ ಹಾಗೆ ಒರೆಸಿ ಇಟ್ಟುಕೊಂಡಿದ್ದಾರೆ. ಕರ್ಕಿಯ ಹಮ್ಮ ಓಡಿಸುವುದು ಐಸು ಸಾಗಿಸುವ ವಿಲ್ಲೀಸ್. ಒರೆಸಿದ್ದನ್ನು ನಾನು ಕಂಡಿಲ್ಲ.

"ನನ್ನ ಎಂಜಿನ್ ಚಾಲೂ ಇದ್ದಾಗ ಮೇಲೆ ಒಂದು ಆಣೆ ನಿಲ್ಸಿ ನೋಡು. ಬೀಳೂದಿಲ್ಲ," ಎಂದರು ಸಾಹೇಬರು.

"ಆಣೆ ನಿಲ್ತದೆ ಸಾಹೇಬ್ರೆ, ಗಾಡಿಯೂ ನಿಲ್ತದೆ. ಮರಳಲ್ಲಿ," ಎಂದ ಹಮ್ಮ. "ನಂದು ನಾಲ್ಕೂ ಗಾಲಿ ಎಳೀತದೆ."

"ಎಳೀತದೆ. ಕೂತವನ ಎಲುಬು ಎಣಿಸ್ಕೊಂಡೇ ಎಳೀತದೆ."

ನನಗೆ ತಡೆಯಲಾಗಲಿಲ್ಲ. ಒಲೆಯ ಹಿಂದಿನಿಂದಲೇ ಹೇಳಿದೆ: "ಫಾರ್ಗೋ ಆರು ಸಿಲಿಂಡರು. ವಾಲ್ವು ಬದಿಗೆ ಅದೆ, ತಲೆ ಮೇಲಿಲ್ಲ. ಅದ್ಕೇ ಸದ್ದಿಲ್ಲ. ಚಾಲೂ ಇದ್ದದ್ದೋ ಬಂದಾದದ್ದೋ ಕೈ ಇಟ್ಟು ನೋಡ್ಬೇಕು."

ಇಬ್ಬರೂ ತಿರುಗಿದರು. ಹಮ್ಮ ನಕ್ಕು, "ಇದು ಶಿವನ ಪಾಠ. ಅತ್ಗೆ ಒಪ್ಪಿಸ್ತಾಳೆ, ಅಷ್ಟೆ," ಎಂದ.

ಇವರ ಹೆಸರು ಹೇಳಿದ್ದು ಅವನ ಬಾಯಿ, ನನ್ನದಲ್ಲ. ಹೌದು, ಇವರ ಪಾಠವೇ. ಶೆವರ್ಲೆ ಹೊಲಿಗೆ ಮಿಷನ್ನು, ವಿಲ್ಲೀಸ್ ಕತ್ತೆ, ಡೀಸೆಲ್ ಲಾರಿ ಎಂದರೆ ಕಲ್ಲು ತುಂಬಿದ ಡಬ್ಬ, ಫಾರ್ಗೋ ಒಂದೇ ಗಾಡಿ. ಇವರು ಊಟಕ್ಕೆ ಕೂತಾಗ ಹೇಳುತ್ತಿದ್ದ ಮಾತುಗಳು. ನನಗೆ ಬೇರೆ ಅಭಿಪ್ರಾಯ ಎಲ್ಲಿಂದ ಬರಬೇಕು. ಹೇಳಿದಾಗ ಇವರೇ ಪಕ್ಕದಲ್ಲಿ ಕೂತ ಹಾಗಾಯಿತು. ಅದಕ್ಕೇ ಹೇಳಿದ್ದು.

೧೯೬೧ ಜನವರಿ ೧೪, ಶನಿವಾರ

ಸಂಕ್ರಾಂತಿ. ಎಳ್ಳು ಹಂಚಲು ಇವರಿಲ್ಲ.

ಹೊಳೆಯ ನೀರು ಪೂರ್ತಿ ಉಪ್ಪಾಗಿದೆ. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ನೀರು ಸಮುದ್ರವನ್ನೇ ಹೊರಗೆ ದೂಡಿ ನಿಲ್ಲಿಸುತ್ತದೆ, ಆಗ ಕಟ್ಟೆಯ ಬುಡದಲ್ಲೇ ಸಿಹಿ ನೀರು. ದೀಪಾವಳಿ ಕಳೆದ ಮೇಲೆ ಸಮುದ್ರ ಒಳಗೆ ಬರುತ್ತದೆ. ಇವರು ಹೋದ ಮೇಲೆ ನಾನು ದಿನಾ ಬೆಳಿಗ್ಗೆ ಒಂದು ಬೊಗಸೆ ಎತ್ತಿ ನಾಲಿಗೆಗೆ ಮುಟ್ಟಿಸುತ್ತಿದ್ದೆ. ಇವರಿರುವ ಊರಿನಿಂದ ಇಳಿದು ಬಂದ ನೀರಲ್ಲವೇ. ಇವತ್ತು ಮುಟ್ಟಿಸಿದರೆ ಸಮುದ್ರ ಬಿಟ್ಟು ಬೇರೇನೂ ಇಲ್ಲ.

ಮಧ್ಯಾಹ್ನ ಹುಬ್ಬಳ್ಳಿ ಕಡೆಯ ಸಣ್ಣ ಲಾರಿಯವನೊಬ್ಬ ಡಬ್ಬ ಹಿಡಿದು ಹೊಳೆಗಿಳಿದ, ರೇಡಿಯೇಟರಿಗೆ ನೀರು ತುಂಬಲು. ಕೂಗಿ ನಿಲ್ಲಿಸಿದೆ. ನಮ್ಮ ಬಾವಿಯ ನೀರು ಸೇದಿ ಕೊಟ್ಟೆ. ಇದೂ ಇವರ ಪಾಠ: "ಉಪ್ಪು ನೀರು ಎಂಜಿನ್ನಿಗೆ ಗೆದ್ದಲು ಇದ್ದಂಗೆ. ಮೇಲೆ ಕಾಣೂದಿಲ್ಲ, ಒಳಗಿಂದ ತಿಂತದೆ. ಈ ಹೊಳೆ ಕುಡಿದು ಬೆಳೆದವರಿಗೆ ಇದನ್ನ ಹೇಳ್ಕೊಡೂದು ಬೇಡ." ಪಾಪ, ಹುಬ್ಬಳ್ಳಿಯವನಿಗೆ ಹೊಳೆ ಎಂದರೆ ಸಿಹಿ ಎಂದಷ್ಟೇ ಗೊತ್ತು.

೧೯೬೧ ಮಾರ್ಚ್ ೩, ಶುಕ್ರವಾರ

ಮರ್ಯಾದೆ ಹೋಯಿತು.

ಅಕ್ಕಿ ತೊಳೆಯುತ್ತಿದ್ದೆ. ಆಚೆ ದಡದಿಂದ ಹಾರ್ನು. ಒಂದು ಉದ್ದ, ಎರಡು ಗಿಡ್ಡ. ಪಾತ್ರೆ ಬಿಟ್ಟು ಓಡಿದೆ. ಅತ್ತೆಯೂ ಓಡಿದರು, ಮೊಣಕಾಲು ನೋವೆಂದು ನಿನ್ನೆ ಇಡೀ ದಿನ ನರಳಿದವರು. ಜಂಗಲು ನಡು ಹೊಳೆಗೆ ಬರುವಾಗ ಹಸಿರು ಮೂತಿ ಕಂಡಿತು, ಫಾರ್ಗೋ. ದಡ ಹತ್ತಿ ಎಂಜಿನ್ ಚಾಲೂ ಮಾಡಿದ ಸದ್ದು ಕೇಳಿ, "ನಮ್ದೇ," ಎಂದು ಅತ್ತೆಗೆ ಹೇಳಿದೆ. ನೂರು ಗಾಡಿಯಲ್ಲಿ ನಮ್ಮ ಎಂಜಿನ್ನು ಗುರುತಿಸುತ್ತೇನೆ ಎಂದು ಜಂಬ ನನಗೆ.

ಇಳಿದವನು ಯಾರೋ. ಕುಮಟೆಯಲ್ಲಿ ಹೊಸದಾಗಿ ಕೊಂಡ ಗಾಡಿಯಂತೆ. ನನ್ನ ಕೈಯಿಂದ ಅಕ್ಕಿ ನೀರು ಸುರಿಯುತ್ತಿತ್ತು. ಸಿಟ್ಟು ಬಂತು, ಜಗಳವಾಡಿದೆ.

"ಅದು ನಮ್ಮ ಹಾರ್ನು. ನೀ ಹೊಡೀಬಾರ್ದು."

"ಹಾರ್ನಿಗೆ ಯಾರಪ್ಪಂದು ಪಟ್ಟಾ ಅದೆ?"

ಈರ ನಡುವೆ ಬಂದು ಅವನಿಗೆ ಕಟ್ಟೆಯ ಕಟ್ಟಲೆ ತಿಳಿಸಿ ಹೇಳಿದ. ಗಾಡಿಯವನು ಹೋಗುವಾಗ ಎರಡು ಉದ್ದ ಹೊಡೆದು ಹೋದ. ಸುಗ್ಗಿಯ ಕುಣಿತದವರು ದಾರಿಯಲ್ಲಿ ನಿಂತು ನಗುತ್ತಿದ್ದರು. ಅಕ್ಕಿಯನ್ನು ಕಾಗೆ ತಿಂದಿತು.

೧೯೬೧ ಜೂನ್ ೧೦, ಶನಿವಾರ

ಮಳೆ ಬಂತು. ಅಂಗಳ ಗುಡಿಸಿ, ಗಾಡಿ ನಿಲ್ಲುವ ಜಾಗದ ಮೇಲೆ ತೆಂಗಿನ ಮಡಲು ಹೊದೆಸಿದೆ. ಇವರಿಗೆ ಇಷ್ಟವಾದ ಒಣ ಸೀಗಡಿ ತೆಗೆದಿಟ್ಟಿದ್ದೇನೆ. ಅಣೆಕಟ್ಟಿನ ಕೆಲಸ ಇವತ್ತಿಗೆ ನಿಂತಿರಬೇಕು. ಗಾಡಿ ತೊಳೆಯಲು ಒಂದು ದಿನ, ಲೆಕ್ಕ ತೀರಿಸಲು ಒಂದು ದಿನ ಎಂದರೂ ವಾರದೊಳಗೆ ಬಂದಾರು.

೧೯೬೧ ಜೂನ್ ೧೯, ಸೋಮವಾರ

ಇಲ್ಲ.

೧೯೬೧ ಜೂನ್ ೨೮, ಬುಧವಾರ

ಇವತ್ತೂ ಇಲ್ಲ. ಹೊಳೆ ಸಿಹಿಯಾಗಿದೆ.

೧೯೬೧ ಜುಲೈ ೧೮, ಮಂಗಳವಾರ

ಹಮ್ಮ ಘಟ್ಟದ ಮೇಲೆ ಹೋಗಿ ಬಂದ. ಅವನು ಒದ್ದೆ ಕಂಬಳಿ ಕೊಡವುವ ಮೊದಲೇ ಕೇಳಿದೆ.

"ಹೆಂಗಿದಾರೆ?"

"ಆರಾಮಿದಾನೆ ಅತ್ಗೆ. ಮೈ ಹಿಡ್ದಿದೆ, ದಪ್ಪ ಆಗಿದಾನೆ."

"ಯಾವಾಗ ಬರ್ತ್ರಂತೆ?"

"ಚೌತಿಗೆ ಅಂದ. ಕೆಲ್ಸ ನಿಂತದೆ, ಆದ್ರೆ ಅಂವ ಅಲ್ಲಿ ವರ್ಕ್‌ಶಾಪಲ್ಲಿ ಡೀಸೆಲ್ ಕೆಲ್ಸ ಕಲೀತಾನೆ. ದೊಡ್ಡ ದೊಡ್ಡ ಲಾರಿ ಅದೆ ಅಲ್ಲಿ. ಅದ್ರ ಬುಡದಿಂದ ಏಳೂದಿಲ್ಲ."

ಗಾಡಿ ಎಲ್ಲಿದೆ ಎಂದು ಆಮೇಲೆ ಕೇಳಿದೆ. ಮರದ ಕೆಳಗೆ ನಿಂತಿದೆಯಂತೆ, ಮೇಲೆ ತಾಡಪತ್ರಿ ಇಲ್ಲವಂತೆ. ಆ ಘಟ್ಟದ ಮಳೆಯಲ್ಲಿ. ಕಟ್ಟಿಗೆ ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ. ಇವರಿಗಾಗಿಯೇ ಅತ್ತದ್ದು, ಗಾಡಿಯ ನೆನಪೂ ನಡುವೆ ಬರುತ್ತಿತ್ತು.

೧೯೬೧ ಸೆಪ್ಟೆಂಬರ್ ೧೪, ಗುರುವಾರ

ಚೌತಿ ನಿನ್ನೆ ಆಯಿತು. ಗೇರುಸೊಪ್ಪೆ ಬಸ್ಸಿನವರ ಕೈಯಲ್ಲಿ ಗಂಟು ಕಳಿಸಿದ್ದಾರೆ. ಅತ್ತೆಗೆ ಕೊಡೆ, ನನಗೆ ನೇರಳೆ ಬಣ್ಣದ ಸೀರೆ. ಸೀರೆ ಬಂತು, ಸೀರೆಯವರು ಬರಲಿಲ್ಲ. ಅತ್ತೆ ಊರಿಗೆಲ್ಲ ಕೊಡೆ ತೋರಿಸಿ ಬಂದು ಮೂಲೆಯಲ್ಲಿಟ್ಟು ಅದರ ಪಕ್ಕದಲ್ಲೇ ಕೂತರು.

೧೯೬೧ ಅಕ್ಟೋಬರ್ ೨೦, ಶುಕ್ರವಾರ

ಹಮ್ಮನ ವಿಲ್ಲೀಸ್ ಕುಂಟುತ್ತಾ ಬಂತು. ಐಸು ಕರಗುತ್ತಿತ್ತು, ಅವನೂ ಕರಗುತ್ತಿದ್ದ. ಬಾನೆಟ್ ತೆಗೆದು, ಎಂಜಿನ್ ಚಾಲೂ ಇಟ್ಟು, ಪ್ಲಗ್ಗಿನ ವಯರುಗಳನ್ನು ಒಣ ಬಟ್ಟೆಯಲ್ಲಿ ಹಿಡಿದು ಒಂದೊಂದೇ ತೆಗೆದು ಹಾಕಿದ. ಒಂದನ್ನು ತೆಗೆದರೆ ಎಂಜಿನ್ನು ಮುಗ್ಗರಿಸುತ್ತದೆ, ಅಂದರೆ ಆ ಸಿಲಿಂಡರು ದುಡಿಯುತ್ತಿದೆ. ಯಾವುದನ್ನು ತೆಗೆದಾಗ ಏನೂ ಆಗುವುದಿಲ್ಲವೋ, ಅದೇ ಸತ್ತದ್ದು.

"ಮನೇಲೂ ಹಂಗೇ," ಎಂದರು ಅತ್ತೆ, ಚಾ ಸೋಸುತ್ತಾ. ಯಾರಿಗೆ ಹೇಳಿದರೋ.

ನಾನೂ ಒಂದು ವಯರು ತೆಗೆದೆ. ಮೊದಲ ಸಲ ಜುಂ ಎಂದು ಮೊಣಕೈವರೆಗೆ ಹೊಡೆಯಿತು, ಬಟ್ಟೆ ಒದ್ದೆ ಇತ್ತು. ಎರಡನೇ ಸಲ ಸರಿಯಾಯಿತು. ಪ್ಲಗ್ ತಿಕ್ಕಿ ಹಾಕಿದ ಮೇಲೆ ಗಾಡಿ ಎದ್ದು ನಿಂತಿತು. ಜಾರುವ ದಡವನ್ನು ಒಂದೇ ಉಸಿರಿಗೆ ಹತ್ತಿದ್ದನ್ನು ನೋಡಿದೆ. ವಿಲ್ಲೀಸನ್ನು ಕತ್ತೆ ಎನ್ನುವುದು ಪೂರ್ತಿ ನ್ಯಾಯವಲ್ಲ. ಕತ್ತೆಯೇ ಇರಬಹುದು, ಆದರೆ ಅಗಸನಿಗೆ ಬೇಕಾದದ್ದೂ ಕತ್ತೆಯೇ. ಕತ್ತೆ ಎಂದು ಹೇಳಿಕೊಟ್ಟ ಅವರಿಗೆ ಇದು ಯಾಕೆ ಹೊಳೆಯಲಿಲ್ಲವೋ.

೧೯೬೧ ನವೆಂಬರ್ ೧೨, ಭಾನುವಾರ. ಕಾಗಾಲ

ದೀಪಾವಳಿಗೆ ತವರಿಗೆ ಬಂದಿದ್ದೇನೆ. ಹಮ್ಮ ತನ್ನ ಹೆಂಡತಿ ಸುಬ್ಬಿಯನ್ನು ಕುಮಟೆಯ ಆಸ್ಪತ್ರೆಗೆ ತೋರಿಸಲು ಹೊರಟಿದ್ದ, ನನ್ನನ್ನೂ ಕರೆದ. ರೂಢಿಯಂತೆ ಹಿಂದೆ ಹತ್ತಲು ಹೋದೆ.

"ಎಂತಕ್ಕೆ ಅಲ್ಲಿ? ಐಸಿನ ಜೊತೆ ನೀನೂ ಕರಗ್ತೆ," ಎಂದು ಸುಬ್ಬಿ ಮುಂದಿನ ಸೀಟಿನಲ್ಲಿ ಸರಿದು ಜಾಗ ಕೊಟ್ಟಳು.

ಮದುವೆಯಾಗಿ ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೇನೆ, ಆದರೆ ದಾರಿ ಎದುರಿಗೆ ಬರುವುದನ್ನು ನೋಡಿರಲಿಲ್ಲ. ಹಿಂದೆ ಕೂತವರಿಗೆ ಎಲ್ಲವೂ ದಾಟಿ ಹೋದ ಮೇಲೆ ಕಾಣುತ್ತದೆ, ಮರ, ಮನೆ, ಕೈ ಬೀಸಿದವರ ಬೆನ್ನು. ಮುಂದೆ ಕೂತರೆ ತಿರುವು ಬರುವ ಮೊದಲೇ ಗೊತ್ತಾಗುತ್ತದೆ. ಎಲುಬಿನ ಬಗ್ಗೆ ಸಾಹೇಬರು ಹೇಳಿದ್ದು ಖರೆ. ಸ್ಪ್ರಿಂಗು ಗಟ್ಟಿ, ಸೀಟು ಹಲಗೆ, ಎಂಜಿನ್ನಿನ ಬಿಸಿ ಪಾದಕ್ಕೆ ತಾಗುತ್ತದೆ. ಗೇರು ಹಾಕುವಾಗ ಕಟಕಟ ಎನ್ನುತ್ತದೆ, ಅದು ಅರ್ಧ ಗಾಡಿಯ ತಪ್ಪು, ಅರ್ಧ ಹಮ್ಮನದು. ಏರಿನಲ್ಲಿ ಅವನು ಗೇರು ಇಳಿಸುವುದು ತಡ. ಹೇಳಿದೆ. ಸುಬ್ಬಿ ಬಿದ್ದು ಬಿದ್ದು ನಕ್ಕಳು.

ಕುಮಟೆ ಪೇಟೆಯಲ್ಲಿ ಹೊಸ ಬೆಡ್‌ಫರ್ಡ್ ಒಂದನ್ನು ನೋಡಿದೆ. ಮೂತಿ ಚಂದ, ಬಾಗಿಲು ಮುಚ್ಚುವ ಸದ್ದು ಹಗುರ. ಓಡಿದ್ದನ್ನು ಕೇಳದೆ ಏನೂ ಹೇಳಲಾರೆ.

ಅಮ್ಮ ಕೇಳಿದಳು, ಗಂಡ ಬಂದನೇ ಎಂದು. ಬರುತ್ತಾರೆ ಎಂದೆ. ಎಂದ ಕೂಡಲೇ ಅವರ ಅಂಗಿ ನೆನಪಾಯಿತು. ಅವರ ಬೆವರಿನ ವಾಸನೆ, ಪೆಟ್ರೋಲಿನ ವಾಸನೆ, ಎರಡನ್ನೂ ಬೇರೆ ಮಾಡಲು ನನಗೆ ಇನ್ನೂ ಬರುವುದಿಲ್ಲ.

೧೯೬೨ ಜನವರಿ ೯, ಮಂಗಳವಾರ

ಕನಸಿನಲ್ಲಿ ಫಾರ್ಗೋ ಬಂತು. ಅಪ್ಸರಕೊಂಡದ ಏರು ಹತ್ತುತ್ತಿತ್ತು. ಓಡಿಸುತ್ತಿದ್ದವರು ಯಾರೆಂದು ಕಾಣಲಿಲ್ಲ. ಎಂಜಿನ್ನಿನ ಸದ್ದು ಮಾತ್ರ ಚೆನ್ನಾಗಿತ್ತು.

೧೯೬೨ ಫೆಬ್ರವರಿ ೨೭, ಮಂಗಳವಾರ

ಮೀರಾನ್ ಸಾಹೇಬರು ಜೋಗದ ಕಡೆಗೆ ಬಟ್ಟೆ ಹಾಕಿ, ಲಿಂಗನಮಕ್ಕಿಗೂ ಹೋಗಿ ಬಂದರು.

"ನಮ್ಮ ಗಾಡಿ ಹೆಂಗದೆ ಸಾಹೇಬ್ರೆ?"

"ನೀರು ಕುದೀತದೆ. ಒಂದು ಸಿಲಿಂಡರ್ ಹೊಡೆಯೂದಿಲ್ಲ. ಆದ್ರೂ ಏನ್ ಎಂಜಿನ್ ತಂಗಿ, ಅಷ್ಟಾದ್ರೂ ಓಡ್ತದೆ." ಶೆವರ್ಲೆಯವರ ಬಾಯಲ್ಲಿ ಈ ಮಾತು ಬಂದದ್ದು ದೊಡ್ಡದು. ಆಮೇಲೆ ಗಡ್ಡ ತುರಿಸಿಕೊಂಡರು. "ಶಿವ ಅದನ್ನ ಮಾರ್ತೇನೆ ಅಂದ. ನೀವೇ ತಗೊಳ್ಳಿ ಅಂತ ನನಗೇ ಹೇಳ್ದ. ಪೆಟ್ರೋಲಿನ ಕಾಲ ಮುಗೀತಂತೆ."

"ನೀವು ಎಂತ ಹೇಳಿದ್ರಿ?"

"ಮನೇಲಿ ಕೇಳು ಅಂದೆ."

ಮೈಯೆಲ್ಲ ಉರಿಯಿತು. ಕುದಿಯುತ್ತಿದ್ದರೆ ರೇಡಿಯೇಟರು ತೊಳೆಯಬೇಕು, ಸಿಲಿಂಡರು ಸತ್ತಿದ್ದರೆ ಪ್ಲಗ್ ನೋಡಬೇಕು, ಪ್ಲಗ್ ಸರಿ ಇದ್ದರೆ ವಾಲ್ವು. ಮಾರುವುದು ಯಾವ ರಿಪೇರಿ. ಅವರು ಹೇಗಿದ್ದಾರೆಂದು ಅತ್ತೆ ಕೇಳಿದರು. ಆರಾಮಂತೆ.

೧೯೬೨ ಮಾರ್ಚ್ ೧೬, ಶುಕ್ರವಾರ

ಬಂದರು.

ಮಧ್ಯಾಹ್ನ ಆಚೆ ದಡದಿಂದ ಒಂದು ಉದ್ದ, ಎರಡು ಗಿಡ್ಡ. ಗಿಡ್ಡದ್ದರಲ್ಲಿ ಎರಡನೆಯದು ಕೆಮ್ಮಿತು, ಬ್ಯಾಟರಿ ಇಳಿದಿದೆ. ಈ ಸಲ ಓಡಲಿಲ್ಲ. ಹೋದ ವರ್ಷ ಮರ್ಯಾದೆ ಹೋದದ್ದು ನೆನಪಿತ್ತು. ಕೈ ಒರೆಸಿಕೊಂಡು ಕಟ್ಟೆಯವರೆಗೆ ನಡೆದೆ. ಜಂಗಲು ದಡ ಮುಟ್ಟಿತು, ಎಂಜಿನ್ ಚಾಲೂ ಆಯಿತು. ಐದೇ ಸಿಲಿಂಡರು. ಕುಂಟಿದರೂ ಇದು ನಮ್ಮದೇ ಎಂದು ಈ ಸಲ ತಪ್ಪಿಲ್ಲದೆ ಗೊತ್ತಾಯಿತು.

ಹಸಿರು ಬಣ್ಣ ಸುಲಿದಿದ್ದಾರೆ ಯಾರೋ ಎನ್ನುವ ಹಾಗಿತ್ತು. ಎಡ ಮಡ್‌ಗಾರ್ಡು ತುಕ್ಕು ತಿಂದು ಕೈ ಹೋಗುವಷ್ಟು ತೂತು. ಬಾನೆಟ್ಟಿನ ಸಂದಿಯಿಂದ ಹಬೆ. ಎಷ್ಟು ಮೆರೆದ ಗಾಡಿ. ಆಮೇಲೆ ಬಾಗಿಲು ತೆಗೆದು ಅವರು ಇಳಿದರು. ಮೈ ಹಿಡಿದಿದೆ, ಹಮ್ಮ ಹೇಳಿದ್ದು ಸರಿ.

"ಹೆಂಗಿದ್ದೆ?" ಎಂದರು.

"ಹಿಂಗಿದ್ದೆ," ಎಂದೆ.

ಅತ್ತೆ ಮಗನ ಮುಖ ಹಿಡಿದುಕೊಂಡು ಅತ್ತರು. ಅವರು ತಾಯಿಯ ಕೈ ಬಿಡಿಸಿಕೊಂಡು, "ನಿಲ್ಲು ಆಯಿ, ಗಾಡಿ ಕಾದದೆ," ಎಂದು ಹಿಂದಿನಿಂದ ಡಬ್ಬ ತೆಗೆದು ಹೊಳೆಗಿಳಿದರು. ಯಾರಿಗಾದರೂ ಕೈಕಾಲು ತೊಳೆಯುತ್ತಾರೆ ಎನಿಸಬೇಕು. ನಾನೂ ಹಾಗೇ ಎಣಿಸಿದೆ. ಡಬ್ಬ ತುಂಬಿಕೊಂಡು ಬಂದು, ಗೋಣಿ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿ, ಹಬೆ ಇಳಿಯುವ ಮೊದಲೇ ಸುರಿದರು. ಇನ್ನೊಂದು ಡಬ್ಬ ತಂದರು. ಅದನ್ನೂ ಸುರಿದರು.

ಇದು ಹೋಳಿಯ ಹೊತ್ತು. ಹೊಳೆ ಬಾಯಿಗಿಡಲಾರದ ಉಪ್ಪು.

ಕಟ್ಟೆಯ ಮೇಲೆ ಈರ ಇದ್ದ, ಹಮ್ಮ ಇದ್ದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾವಿಗೆ ಹೋಗಿ ಕೊಡ ತುಂಬಿಕೊಂಡು ಬಂದೆ. ಎಂಜಿನ್ನು ಸ್ವಲ್ಪ ಆರಲಿ ಎಂದು ಕಾದೆ. ಆಮೇಲೆ ಬಗ್ಗಿ ರೇಡಿಯೇಟರಿನ ಬುಡದ ಸಣ್ಣ ನಲ್ಲಿ ತಿರುಗಿಸಿದೆ. ಕೆಂಪು ನೀರು ಮರಳಿಗೆ ಹರಿಯಿತು.

"ಎಂತ ಮಾಡ್ತೆ ಕಮಲಿ?"

"ನೀರು ಉಪ್ಪು."

ಅವರು ಹೊಳೆಯ ಕಡೆ ನೋಡಿದರು. ಆಮೇಲೆ ನಕ್ಕರು. "ಹೌದಲ್ಲ. ಮರ್ತೇ ಹೋಗಿತ್ತು."

ಬರಲಿಲ್ಲ ಎಂದು ಎಷ್ಟೋ ಸಲ ಅತ್ತಿದ್ದೇನೆ. ಇಷ್ಟು ನೋವಾದದ್ದು ಇವತ್ತೇ. ಹೆಂಡತಿಯನ್ನು ಮರೆಯುವವರು ಲೋಕದಲ್ಲಿ ಇದ್ದಾರೆ. ಈ ಹೊಳೆಯ ಉಪ್ಪನ್ನು ಇವರು ಹೇಗೆ ಮರೆತರು. ಸಂಜೆವರೆಗೆ ಬಾವಿ ನೀರು ತುಂಬುವುದು, ಬಿಡುವುದು ಮಾಡಿದೆ, ನಲ್ಲಿಯಿಂದ ತಿಳಿನೀರು ಬರುವ ತನಕ.

೧೯೬೨ ಮಾರ್ಚ್ ೧೭, ಶನಿವಾರ

ಅಂಗಡಿಯಲ್ಲಿ ಶಿವ ಕೂತು ಭಾಷಣ ಮಾಡಿದರು. ಅಲ್ಲಿ ಡೀಸೆಲ್ ಲಾರಿಯ ಡ್ರೈವರು ಆಗಿದ್ದಾರಂತೆ. "ಪೆಟ್ರೋಲ್ ಗಾಡಿ ಮಕ್ಕಳಾಟ. ಡೀಸೆಲ್ ಎಳೆಯೂದು ನೋಡ್ಬೇಕು. ಲೋಡ್ ಹಾಕಿ ಘಟ್ಟ ಹತ್ತಿಸ್ರೆ ಉಸ್ ಅನ್ನೂದಿಲ್ಲ. ಫಾರ್ಗೋ ಎಂತಕ್ಕೆ ಬಂತು? ಕುಡಿಯೂದು ಒಂದೇ ಗೊತ್ತು."

ನನಗೆ ಅವರು ಹೇಳಿಕೊಟ್ಟದ್ದನ್ನೆಲ್ಲ ಅವರಿಗೇ ಹೇಳಬೇಕಾಯಿತು. ಮೀನು ಹೇರಲು ಮೆದು ಸ್ಪ್ರಿಂಗು ಬೇಕು, ಡೀಸೆಲ್ಲಿನ ನಡುಕಕ್ಕೆ ಬಂಗಡೆ ಮೀನು ಕುಮಟೆ ಮುಟ್ಟುವಾಗ ಚಟ್ನಿಯಾಗುತ್ತದೆ. ಈ ಜಂಗಲಿಗೆ ಭಾರದ ಲಾರಿ ಆಗುವುದಿಲ್ಲ. ಮನೆಯಲ್ಲಿ ಬಿಚ್ಚಿ ಜೋಡಿಸಬಹುದಾದ ಎಂಜಿನ್ನು ಇದೊಂದೇ. ಇದರಲ್ಲಿ ಕೊನೆಯದನ್ನು ಅವರು ಹೇಳಿಕೊಟ್ಟಿರಲಿಲ್ಲ, ನನ್ನದೇ. ಮೀರಾನ್ ಸಾಹೇಬರು ಚಾದ ಲೋಟ ಕೆಳಗಿಟ್ಟು, "ತಂಗಿ ಹೇಳಿದ್ದು ಸರಿ," ಎಂದರು.

ಬೇರೆ ಯಾರಾದರೂ ಇದ್ದಾರೆಯೇ ಎಂದು ಅತ್ತೆ ಅವರನ್ನು ಹಿತ್ತಲಲ್ಲಿ ಕೇಳಿದರಂತೆ. ತಾಯಿಯ ತಲೆ ಮುಟ್ಟಿ ಇಲ್ಲ ಎಂದರಂತೆ. ನಾನು ನಂಬಿದೆ. ಬೇರೆ ಹೆಂಗಸಿದ್ದರೆ ಜಡೆ ಹಿಡಿದು ಜಗಳವಾಡಬಹುದಿತ್ತು. ಲಾರಿಯ ಜಡೆ ಎಲ್ಲಿ ಹಿಡಿಯಲಿ.

ಊಟಕ್ಕೆ ಕೂತಾಗ ಮಾರುವ ಮಾತು ತೆಗೆದರು.

"ಮಾರೂದಿಲ್ಲ. ಸರ ನಂದು," ಎಂದೆ.

"ಇಟ್ಕಂಡು ಎಂತ ಮಾಡ್ತೆ? ಓಡ್ಸೂದು ಯಾರು?"

"ಮೊದ್ಲು ಎದ್ದು ನಿಲ್ಲಲಿ. ಆಮೇಲೆ ನೋಡ್ವ."

ಉಂಡು ಕೈ ತೊಳೆಯುವಾಗ, "ಈಗ ಅಲ್ಲಿ ಕ್ವಾರ್ಟರ್ಸ್ ಕೊಟ್ಟಿದಾರೆ. ಬೇಕಾದ್ರೆ ನೀನೂ ಬಾ," ಎಂದರು.

ಈ ಮಾತು ಕೇಳಲು ನಾನು ಎಷ್ಟು ಕಾದಿದ್ದೆ. ಕೇಳಿದಾಗ ತಲೆಯಲ್ಲಿ ಇದ್ದದ್ದು ಮೂರನೇ ಸಿಲಿಂಡರು. ಬೆಳಿಗ್ಗೆ ವಯರು ತೆಗೆದು ನೋಡಿದ್ದೆ, ಸತ್ತದ್ದು ಅದೇ. ಪ್ಲಗ್ ಬದಲಿಸಿದರೂ ಏಳಲಿಲ್ಲ, ವಾಲ್ವು ಸುಟ್ಟಿರಬೇಕು. "ನೋಡ್ತೆ," ಎಂದೆ. ಅದು ಸರಿಯಾದ ಉತ್ತರವಲ್ಲ. ನಾಳೆ ಸರಿಯಾಗಿ ಹೇಳಬೇಕು.

೧೯೬೨ ಮಾರ್ಚ್ ೧೯, ಸೋಮವಾರ

ನಿನ್ನೆ ಹೇಳಲು ಪುರುಸೊತ್ತಾಗಲಿಲ್ಲ. ಹಮ್ಮ ಬಂದಿದ್ದ, ಹೆಡ್ಡು ಬಿಚ್ಚಿದೆವು. ಊಹಿಸಿದ್ದೇ ಸರಿ, ಮೂರನೆಯದರ ವಾಲ್ವು ಅಂಚು ಕಳೆದುಕೊಂಡಿದೆ. ಉಳಿದವು ಗಟ್ಟಿ. ನೀರು ಹರಿಯುವ ದಾರಿಯಲ್ಲಿ ತುಕ್ಕು ಕೂತಿದೆ, ಆದರೆ ಉಪ್ಪು ಇನ್ನೂ ಒಳಗೆ ಇಳಿದಿಲ್ಲ, ಆ ದಿನವೇ ತೊಳೆದದ್ದು ಒಳ್ಳೆಯದಾಯಿತು. ಹೊಸ ವಾಲ್ವು ಕುಮಟೆಯಲ್ಲಿ ಸಿಗುತ್ತದೆ ಎಂದು ಸಾಹೇಬರು ಹೇಳಿದ್ದಾರೆ. ಅದಕ್ಕೆ ಮರಳಿನಂತೆ ತರಿತರಿಯಾದ ತಿಕ್ಕುವ ಮಸಾಲೆ ಹಚ್ಚಿ, ಕೂರುವ ಜಾಗಕ್ಕೆ ಸರಿಯಾಗುವ ತನಕ ಅಂಗೈಯಲ್ಲಿ ಕೋಲು ಹಿಡಿದು ತಿರುಗಿಸಿ ತಿರುಗಿಸಿ ತಿಕ್ಕಬೇಕು. ದೋಸೆಗೆ ಅಕ್ಕಿ ರುಬ್ಬಿದ ಕೈಗೆ ಇದು ಕಷ್ಟವಲ್ಲ. ಇಳಿತದ ಹೊತ್ತಿಗೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿ ಸ್ಟೀರಿಂಗ್ ಹಿಡಿಯುವುದನ್ನು ತೋರಿಸುತ್ತೇನೆ ಎಂದಿದ್ದಾನೆ ಹಮ್ಮ. ಸುಬ್ಬಿಯೂ ಬರುತ್ತಾಳಂತೆ, ನಗಲು.

ಇಷ್ಟು ದಿನ ನೋಡಿದ ಗಾಡಿಗಳಲ್ಲಿ ಫಾರ್ಗೋದ ಮೇಲೆ ನನ್ನ ತೀರ್ಮಾನ: ಕುಡಿಯುತ್ತದೆ ನಿಜ, ಏರಿನಲ್ಲಿ ವಿಲ್ಲೀಸಿಗೆ ಸಮ ಅಲ್ಲ, ಮೈಬಣ್ಣದಲ್ಲಿ ಶೆವರ್ಲೆಗೆ ಸೋಲುತ್ತದೆ. ಆದರೆ ಕೈಬಿಟ್ಟವರ ಕೈಯಲ್ಲೂ ಐದು ಸಿಲಿಂಡರಿನಲ್ಲಿ ಮನೆ ಮುಟ್ಟುವ ಗಾಡಿ ಬೇರೆ ಇಲ್ಲ.

ಶಿವ ಬೆಳಗಿನ ಜಂಗಲಿಗೆ ಹೊರಟರು, ಆಚೆಯಿಂದ ಗೇರುಸೊಪ್ಪೆ ಬಸ್ಸಿಗೆ. "ಮಳೆಗಾಲಕ್ಕೆ ಬರ್ತೆ," ಎಂದರು. ಆತು ಎಂದೆ. ಚಾ ಕೊಟ್ಟೆ, ಒಣ ಸೀಗಡಿ ಕಟ್ಟಿ ಕೊಟ್ಟೆ. ಜಂಗಲು ನಡು ಹೊಳೆಗೆ ಹೋದಾಗ ಅವರು ಎದ್ದು ನಿಂತು ತಿರುಗಿ ನಮ್ಮ ದಡವನ್ನೇ ನೋಡುತ್ತಿದ್ದರು, ಆಚೆ ಮುಟ್ಟುವವರೆಗೂ ಕೂರಲಿಲ್ಲ ಎಂದು ಅತ್ತೆ ಹೇಳಿದರು. ನನ್ನ ತಲೆ ಆಗ ಬಾನೆಟ್ಟಿನೊಳಗೆ ಇತ್ತು, ನಾನು ನೋಡಲಿಲ್ಲ.